ಸೆಕೆ ಗೊತ್ತಾಗದವಳು

ಆ ಲಾಂಡ್ರಿಗೆ ಹೊಸದಾಗಿ ಸೇರಿದವರಿಗೆ ಮೊದಲು ತೋರಿಸುತ್ತಿದ್ದುದು ಯಂತ್ರಗಳನ್ನಲ್ಲ, ಅಕ್ಕನನ್ನು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳೆಲ್ಲ ಲಾರಿಯಲ್ಲಿ ಬಂದು ಬೀಳುವ ಜಾಗ ಅದು. ಒಗೆದು ಹಿಂಡಿದ ಚಾದರಗಳು ಕೊನೆಗೆ ಬರುವುದು ರೋಲರಿನ ಹತ್ತಿರ. ಒಳಗೆ ಹಬೆ ಹರಿಯುವ ದಪ್ಪ ಕಬ್ಬಿಣದ ಉರುಳೆ ಅದು. ಇಬ್ಬರು ಹೆಂಗಸರು ಒದ್ದೆ ಚಾದರದ ಎರಡು ತುದಿ ಹಿಡಿದು ಅದರ ಬಾಯಿಗೆ ಕೊಡಬೇಕು, ಆ ಕಡೆ ಅದು ಒಣಗಿ ಇಸ್ತ್ರಿಯಾಗಿ ಹೊರಗೆ ಬರುತ್ತದೆ. ಅಲ್ಲಿ ನಿಂತವರ ಮುಖಕ್ಕೆ ಹುಬ್ಬು ಸುಟ್ಟಿತೇನೋ ಎನ್ನುವ ಹಾಗೆ ಝಳ ಹೊಡೆಯುತ್ತದೆ. ಗಟ್ಟಿಮುಟ್ಟಾದ ಹೆಂಗಸರೇ ಒಂದು ಬೇಸಿಗೆ ಮುಗಿಯುವುದರೊಳಗೆ ಈ ಸಹವಾಸ ಬೇಡಪ್ಪಾ ಎಂದು ಕೈಮುಗಿದು ಹೋಗುತ್ತಿದ್ದರು. ಅಕ್ಕ ಮಾತ್ರ ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದಳು.

ಹೌದು, ಸ್ವೆಟರ್. ನಡುಬೇಸಿಗೆಯಲ್ಲೂ. ರೋಲರಿನ ಮುಂದೆ ನಿಂತಾಗ ಮಾತ್ರ ಅವಳ ಮೂಳೆಗಳಿಗೆ ಸ್ವಲ್ಪ ಹಿತವಾಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಚಳಿ, ಕೈಕಾಲು ಜೋಮು, ಕಣ್ಣೆಳೆಯುವ ನಿದ್ದೆ. ಅದು ಅವಳಿಗೆ ರೋಗವೆಂದು ತೋರಿರಲಿಲ್ಲ. ಐವತ್ತು ಹತ್ತಿರವಾದ ಹೆಂಗಸಿಗೆ ಸುಸ್ತಾದರೆ ಯಾರು ತಾನೆ ಕೇಳುತ್ತಾರೆ? ಅವಳೇ ಕೇಳಿಕೊಂಡಿರಲಿಲ್ಲ. ಆದರೆ ಸೆಕೆ ತಡೆಯುವ ವಿಷಯದಲ್ಲಿ ಅವಳಿಗೆ ಹೆಮ್ಮೆಯಿತ್ತು, ಅದೂ ಕೊಂಚ ಜಾಸ್ತಿಯೇ ಇತ್ತು. ಮನೆಯಲ್ಲಿ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಇಲ್ಲಿ ರೋಲರಿನ ಮುಂದೆ ಅವಳು ಅಕ್ಕ. ಸೂಪರ್‌ವೈಸರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಚಾದರದ ಇನ್ನೊಂದು ತುದಿ ಹಿಡಿಯುವವಳು ಕಡ್ಡಿ. ತೆಳ್ಳಗಿದ್ದಳೆಂದು ಬಂದ ಹೆಸರು. ಅಕ್ಕನಿಗಿಂತ ಎಷ್ಟೋ ಚಿಕ್ಕವಳು. ಬೆವರು ಅವಳ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿರುತ್ತಿತ್ತು.

"ಸಾರ್, ಮೇಲೊಂದು ಹಬೆ ಎಳೆಯೋ ಫ್ಯಾನ್ ಹಾಕಿಸಿ ಸಾರ್. ಇಲ್ದಿದ್ರೆ ಗಂಟೆಗೊಂದ್ಸಲ ಆದ್ರೂ ಜನ ಬದಲಾಯ್ಸಿ. ತಲೆ ಸುತ್ತುತ್ತೆ," ಎಂದು ಅವಳು ಸೂಪರ್‌ವೈಸರನಿಗೆ ಹೇಳುತ್ತಲೇ ಇದ್ದಳು.

ಅವನದು ಒಂದೇ ಉತ್ತರ. "ನೋಡಮ್ಮಾ, ಅಲ್ಲಿ ಅಕ್ಕ ಸ್ವೆಟರ್ ಹಾಕ್ಕೊಂಡು ನಿಂತಿದಾರೆ. ನಿನಗೊಬ್ಬಳಿಗೇ ಬಂತಾ ಸೆಕೆ?"

ಅಕ್ಕ ನಗುತ್ತಿದ್ದಳು. "ಬೆಣ್ಣೆ ಗೊಂಬೆ ಕಣೋ ಇವಳು. ಕರಗಿ ಹೋಗ್ತಾಳೆ, ಹುಷಾರಾಗಿ ನೋಡ್ಕೊಳಪ್ಪಾ."

ವರ್ಷಕ್ಕೊಮ್ಮೆ ಸರ್ಕಾರದಿಂದ ಇನ್ಸ್‌ಪೆಕ್ಟರ್ ಬಂದಾಗಲೂ ಇದೇ ಕಥೆ. ರೋಲರಿನ ಹತ್ತಿರ ಬಂದು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಇಲ್ಲಿ ಕೆಲಸ ಮಾಡೋದು ಕಷ್ಟ ಆಗಲ್ವಾ?" ಎಂದು ಕೇಳುತ್ತಿದ್ದ. ಸೂಪರ್‌ವೈಸರ್ ಅಕ್ಕನನ್ನು ಮುಂದೆ ಮಾಡುತ್ತಿದ್ದ. ಅಕ್ಕ, "ಏನೂ ಇಲ್ಲ ಸಾರ್, ಆರಾಮಾಗಿದೆ," ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಸುಳ್ಳಲ್ಲ. ಇನ್ಸ್‌ಪೆಕ್ಟರ್ ಹೋಗುತ್ತಿದ್ದ. ಕಡ್ಡಿ ಮತ್ತೆ ಚಾದರದ ತುದಿ ಹುಡುಕುತ್ತಿದ್ದಳು.

ಇನ್ನು ಮನೆಯ ವಿಷಯ. ಅಕ್ಕನ ತಾಯಿ ಸಕ್ಕರೆ ಕಾಯಿಲೆಯಲ್ಲಿ ಹೋದವಳು. ಮೊದಲು ಕಾಲಿನ ಗಾಯ ಮಾಯಲಿಲ್ಲ, ಆಮೇಲೆ ಕಣ್ಣು ಹೋಯಿತು. ಕೊನೆಗಾಲದಲ್ಲಿ ಅವಳನ್ನು ಎತ್ತಿ ಕೂರಿಸಿ, ತೊಳೆದು, ಉಣಿಸಿದ್ದೆಲ್ಲ ಅಕ್ಕನೇ. ಆಗಲೇ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು: ತನಗೆ ಮಾತ್ರ ಇದು ಬರಬಾರದು, ತನ್ನ ಮಗಳ ಕೈಯಲ್ಲಿ ಹೀಗೆ ಮಾಡಿಸಿಕೊಳ್ಳಬಾರದು. ಅವಳಿಗಿದ್ದ ಒಂದೇ ಭಯ ಅದು. ಹೀಗಿರುವಾಗ ಲಾಂಡ್ರಿಯವರು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಅವಳ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ಗೊತ್ತಾಯಿತು. ಇನ್ನೂ ಕಾಯಿಲೆ ಅಲ್ಲ, ಆದರೆ ಹೊಸ್ತಿಲ ಮೇಲೆ ಕಾಲಿಟ್ಟಿದೆ.

ಅವತ್ತಿನಿಂದ ಅಕ್ಕ ಬಾಯಿ ಕಟ್ಟಿದಳು. ಕಾಫಿಗೆ ಸಕ್ಕರೆ ಬಿಟ್ಟಳು. ಅನ್ನ ಅರ್ಧಕ್ಕಿಳಿಯಿತು, ಆಮೇಲೆ ಅದರಲ್ಲೂ ಅರ್ಧ. ಯಾರಾದರೂ ಸಿಹಿ ಕೊಟ್ಟರೆ ಹಾವು ಕಂಡ ಹಾಗೆ ಹಿಂದೆ ಸರಿಯುತ್ತಿದ್ದಳು. ಕೆಲಸ ಮುಗಿಸಿ ಬರುವಾಗ ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆಯುತ್ತಿದ್ದಳು, ಕಾಲಿಗೆ ಕಲ್ಲು ಕಟ್ಟಿದಂತಿದ್ದರೂ. ಇಷ್ಟೆಲ್ಲ ಮಾಡಿ ಮತ್ತೆ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೇಲಕ್ಕೇ ಹೋಗಿತ್ತು. ತೂಕವೂ ಏರಿತ್ತು. ಮುಖ ಊದಿಕೊಂಡು ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಿತ್ತು.

ಗಂಡನದು ಬೀಗ ರಿಪೇರಿ ಕೆಲಸ. ರಸ್ತೆ ಮೂಲೆಯಲ್ಲಿ ಒಬ್ಬರು ಕೂರುವಷ್ಟು ಅಂಗಡಿ, ಗೋಡೆ ತುಂಬ ನೇತುಹಾಕಿದ ಕೀಲಿಕೈ. ಕೆಟ್ಟ ಮನುಷ್ಯನೇನಲ್ಲ. ಆದರೆ ಯಾವ ಬೀಗಕ್ಕೂ ಒಂದು ಕೀಲಿ ಇದ್ದೇ ಇರುತ್ತದೆ ಎಂದು ನಂಬಿದವನು. ಹೆಂಡತಿಯ ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವನು ಕೀಲಿ ಕಂಡುಹಿಡಿದ.

"ಏನೇ, ತಿನ್ನದೆ ಇದ್ರೆ ಸಕ್ಕರೆ ಏನು ಗಾಳಿಲಿ ಬರುತ್ತಾ? ಕದ್ದು ತಿಂತಿದೀಯ."

"ಇಲ್ಲ ರೀ. ನಿಮ್ಮಾಣೆಗೂ ಇಲ್ಲ."

"ನನ್ನಾಣೆ ಯಾಕೆ ಹಾಕ್ತೀಯ, ನಾನಿನ್ನೂ ಬದುಕ್ಬೇಕು," ಎಂದು ನಕ್ಕ. ನಕ್ಕು, ಮರುದಿನ ಅಂಗಡಿಯಿಂದ ಒಂದು ಬೀಗ ತಂದು ಅಡುಗೆಮನೆಯ ಕಪಾಟಿಗೆ ಹಾಕಿದ. ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲ ಒಳಗೆ. ಕೀಲಿ ಅವನ ಜೇಬಿನಲ್ಲಿ. ಇಪ್ಪತ್ತೈದು ವರ್ಷ ಆ ಅಡುಗೆಮನೆಯಲ್ಲಿ ಬೆಂದವಳು ಆ ಬೀಗವನ್ನು ಒಮ್ಮೆ ಎಳೆದು ನೋಡಿ ಕೈಬಿಟ್ಟಳು. ಮಗಳಾದರೂ ತನ್ನ ಪರ ಮಾತಾಡುತ್ತಾಳೆಂದುಕೊಂಡಳು. ಅವಳು ಹತ್ತಿರ ಬಂದು ಕೂತು, ಬಹಳ ಪ್ರೀತಿಯಿಂದಲೇ, "ಅಮ್ಮಾ, ನಿಜ ಹೇಳು. ನಾನು ಬೈಯಲ್ಲ," ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಕ್ಕ ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದಳು.

ಇದನ್ನೇ ಹಳಬರು ಹೇಳುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು. ಜ್ವರ ಎಲ್ಲೋ ಇತ್ತು, ಬೀಗ ಬಿದ್ದದ್ದು ಬಾಯಿಗೆ.

ಎತ್ತು ಯಾವುದು ಎಂದು ಕಂಡುಹಿಡಿದವರು ಬಡಾವಣೆಯ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ. ಅವರೂ ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಬಸವಳಿದಿದ್ದರು. ಸಕ್ಕರೆ ರಿಪೋರ್ಟ್ ತೋರಿಸಲು ಬಂದ ಅಕ್ಕನ ನಾಡಿ ನೋಡಲು ಕೈ ಹಿಡಿದವರು ಹಾಗೇ ಹಿಡಿದುಕೊಂಡು ಕೂತರು.

"ಹೊರಗೆ ಇಷ್ಟು ಬಿಸಿಲಿದೆ. ಇದೇನಮ್ಮಾ ಕೈ ಇಷ್ಟು ತಣ್ಣಗಿದೆ? ಸ್ವೆಟರ್ ಬೇರೆ ಹಾಕಿದೀರ!"

"ನಂಗೆ ಸೆಕೆ ಗೊತ್ತಾಗಲ್ಲ ಡಾಕ್ಟ್ರೇ. ಮೊದಲಿಂದ ಗಟ್ಟಿ ಮೈ," ಎಂದಳು ಅಕ್ಕ, ಸ್ವಲ್ಪ ಬೀಗುತ್ತಲೇ.

ಡಾಕ್ಟರಮ್ಮ ಬೀಗಲು ಬಿಡಲಿಲ್ಲ. ದನಿ ಯಾವಾಗಿನಿಂದ ಹೀಗೆ ಒಡೆದಿದೆ, ಹುಬ್ಬಿನ ತುದಿಯ ಕೂದಲು ಯಾವಾಗ ಉದುರಿತು, ಮಲವಿಸರ್ಜನೆ ಹೇಗೆ, ನಿದ್ದೆ ಎಷ್ಟು ಎಂದು ಒಂದೊಂದಾಗಿ ಕೇಳಿದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟ್ ಬಂದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಅದು ಗಟ್ಟಿತನ ಅಲ್ಲಮ್ಮಾ, ಕಾಯಿಲೆ. ಕುತ್ತಿಗೆಲಿರೋ ಥೈರಾಯ್ಡ್ ಗ್ರಂಥಿ ಮಂಕಾಗಿದೆ. ಒಂದೆರಡು ವರ್ಷದ್ದಲ್ಲ, ತುಂಬಾ ದಿನದಿಂದ ಇದೆ."

"ಸಕ್ಕರೆ?" ಅಕ್ಕನಿಗೆ ಬೇಕಾದ್ದು ಅದೊಂದೇ.

"ನೀವೆಲ್ಲಿ ಕೆಲಸ ಮಾಡೋದು? ಲಾಂಡ್ರಿಲಾ? ಹಾಗಾದ್ರೆ ನೋಡಿ. ನಿಮ್ಮ ಬಾಯ್ಲರ್‌ನಲ್ಲಿ ಉರಿ ಕಡಿಮೆ ಆದ್ರೆ ಏನಾಗುತ್ತೆ? ಬಟ್ಟೆ ಒಣಗಲ್ಲ, ರಾಶಿ ಬೀಳುತ್ತೆ. ಬಟ್ಟೆ ಕಡಿಮೆ ಹಾಕಿದ್ರೂ ರಾಶಿ ಬೀಳುತ್ತೆ, ಹೌದಲ್ವಾ? ಥೈರಾಯ್ಡ್ ಅಂದ್ರೆ ಮೈಯೊಳಗಿನ ಆ ಉರಿ. ಅದು ಕುಗ್ಗಿದ್ರೆ ತಿಂದಿದ್ದು ಸರಿಯಾಗಿ ಖರ್ಚಾಗಲ್ಲ. ಸಕ್ಕರೇನ ಒಳಗೆ ಕಳಿಸೋದು ಇನ್ಸುಲಿನ್. ನಿಮ್ಮ ಮೈ ಇನ್ಸುಲಿನ್ನೇನೋ ಬೇಕಾದಷ್ಟು ಮಾಡ್ತಿದೆ. ಆದ್ರೆ ಮಾಂಸಖಂಡ ಅದರ ಮಾತು ಕೇಳ್ತಿಲ್ಲ."

"ನಮ್ಮನೇಲಿ ನನ್ನ ಮಾತು ಕೇಳದ ಹಾಗೆ," ಎಂದಳು ಅಕ್ಕ.

ಡಾಕ್ಟರಮ್ಮನಿಗೆ ಅವತ್ತು ಬಂದ ಮೊದಲ ನಗು ಅದಿರಬೇಕು. "ಹಾಗೇ ಅಂದ್ಕೊಳಿ. ಥೈರಾಯ್ಡ್ ಮಾತ್ರೆ ಕೊಡ್ತೀನಿ. ಬೆಳಗ್ಗೆ ಎದ್ದ ಕೂಡ್ಲೆ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಆದ್ಮೇಲೆ. ಉರಿ ಸರಿಹೋದ್ರೆ ಮೈ ಇನ್ಸುಲಿನ್ನಿನ ಮಾತು ಕೇಳೋಕೆ ಶುರು ಮಾಡ್ಬಹುದು, ಸಕ್ಕರೆ ಇಳೀಬಹುದು. ಎಲ್ಲರಿಗೂ ಇಳಿಯುತ್ತೆ ಅಂತ ನಾನು ಹೇಳಲ್ಲ. ನಿಮ್ಮದು ಗಡೀಲಿದೆ, ನೋಡೋಣ. ಮತ್ತೆ ಉಪವಾಸ ಬಿಟ್ಟು ಸರಿಯಾಗಿ ಊಟ ಮಾಡಿ."

"ನಾನು ಕದ್ದು ತಿಂದಿದ್ದಲ್ಲ ಅಲ್ವಾ ಹಾಗಾದ್ರೆ?"

"ಯಾರಮ್ಮಾ ಹಾಗಂದೋರು?"

ಅಕ್ಕ ಚೀಟಿ ತೆಗೆದುಕೊಂಡು ಎದ್ದಳು. ಹೊರಗೆ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಳು.

ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ಮೊದಲ ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಮೆಟ್ಟಿಲು ಹತ್ತುವಾಗ ಕೈ ಕಂಬಿಯನ್ನು ಹಿಡಿದಿಲ್ಲ ಎಂದು ಅವಳಿಗೇ ಹೊಳೆಯಿತು. ಮುಖದ ಊತ ಇಳಿಯಿತು. ಬಸ್ಸಿನಲ್ಲಿ ತೂಕಡಿಸಿ ಸ್ಟಾಪ್ ದಾಟಿ ಹೋಗುವುದು ನಿಂತಿತು. ಮಾತ್ರೆಯ ಪ್ರಮಾಣವನ್ನು ಡಾಕ್ಟರಮ್ಮ ಒಮ್ಮೆ ಏರಿಸಿದರು. ಮುಂದಿನ ಪರೀಕ್ಷೆಯಲ್ಲಿ ಹಸಿದ ಹೊಟ್ಟೆಯ ಸಕ್ಕರೆ ಹೊಸ್ತಿಲಿನಿಂದ ಹಿಂದಕ್ಕೆ ಸರಿದಿತ್ತು. ಅಕ್ಕ ಮನೆಗೆ ಓಡಿಬಂದು ಗಂಡನ ಮುಂದೆ ರಿಪೋರ್ಟ್ ಹಿಡಿದಳು. ಅರ್ಧ ಅನ್ನದ ಕಾಲದಲ್ಲಿ ಏರಿದ ಸಕ್ಕರೆ, ಹೊಟ್ಟೆ ತುಂಬ ಉಣ್ಣತೊಡಗಿದ ಮೇಲೆ ಇಳಿದಿದೆ. ಇನ್ನಾದರೂ ಒಂದು ಮಾತು ಹೇಳುತ್ತಾನೆಂದು ಕಾದಳು.

"ನೋಡ್ದ್ಯಾ?" ಎಂದ ಅವನು. "ಬೀಗ ಹಾಕಿದ್ದಕ್ಕೇ ಇಳೀತು."

ಅಕ್ಕನಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಗುದ್ದಾಡಿ ಗೆಲ್ಲುವುದಕ್ಕೂ ಒಂದು ಶಕ್ತಿ ಬೇಕು, ಅದು ಮಾತ್ರೆಯಲ್ಲಿ ಬರುವುದಿಲ್ಲ. ರಿಪೋರ್ಟ್ ಮಡಚಿಟ್ಟು ತಟ್ಟೆ ತೊಳೆದಳು.

ಆದರೆ ಉರಿ ಸರಿಹೋಯಿತಲ್ಲ, ಅದರ ಇನ್ನೊಂದು ಮುಖ ಕೆಲಸದಲ್ಲಿ ಕಾಣಿಸಿಕೊಂಡಿತು. ಒಂದು ಮಧ್ಯಾಹ್ನ ರೋಲರಿನ ಮುಂದೆ ನಿಂತಿದ್ದಾಗ ಬೆನ್ನಿನ ಮೇಲೆ ಏನೋ ಹರಿದಂತಾಯಿತು. ಇರುವೆಯೇ ಎಂದು ಕೈಯಾಡಿಸಿದಳು. ನೀರು. ಚಾದರದ್ದಿರಬಹುದು ಎಂದುಕೊಂಡಳು. ಆಮೇಲೆ ಹಣೆ, ಕುತ್ತಿಗೆ, ಕಂಕುಳು ಎಲ್ಲ ಒದ್ದೆ. ಎದೆ ಹೊಡೆದುಕೊಳ್ಳತೊಡಗಿತು, ಉಸಿರು ಸಿಕ್ಕಿಕೊಂಡಿತು. ಏನೋ ದೊಡ್ಡದೇ ಬಂತು, ಇವತ್ತಿಗೆ ತನ್ನ ಕಥೆ ಮುಗಿಯಿತು ಎಂದು ಹೆದರಿ ಸ್ವೆಟರ್ ಕಿತ್ತು ಗೋಡೆ ಹಿಡಿದು ನಿಂತಳು. ಕಡ್ಡಿ ಓಡಿಬಂದು ಮುಖ ನೋಡಿದಳು.

"ಏನಿಲ್ಲ ಅಕ್ಕ," ಎಂದಳು ಕಡ್ಡಿ. "ಸೆಕೆ."

ಅಕ್ಕ ಅವಳನ್ನೇ ನೋಡಿದಳು. ಇದಾ? ಇಷ್ಟು ವರ್ಷ ಇವಳು ಹೇಳುತ್ತಿದ್ದುದು ಇದನ್ನಾ?

ಹಾಗೆಂದು ಅವಳು ಆ ಕ್ಷಣಕ್ಕೇ ದೇವತೆಯಾಗಿಬಿಟ್ಟಳು ಎಂದುಕೊಳ್ಳಬೇಡಿ. ಮನುಷ್ಯರು ಅಷ್ಟು ಬೇಗ ಒಳ್ಳೆಯವರಾಗುವುದಿಲ್ಲ. ಅವಳಿಗೆ ಮೊದಲು ಬಂದದ್ದು ಭಯ. ಸೂಪರ್‌ವೈಸರ್ ಆಗಲೇ ಹುಬ್ಬೇರಿಸಿ ನೋಡಿದ್ದ: "ಏನಕ್ಕ, ನಿಮಗೂ ಕಡ್ಡಿ ಗಾಳಿ ತಾಗ್ತಾ?" ರೋಲರಿನ ಮುಂದೆ ನಿಲ್ಲಲಾಗದಿದ್ದರೆ ಅವಳು ಯಾರು? ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆಯಲ್ಲಿ ಕೂರುವ ಇನ್ನೊಬ್ಬ ಮುದುಕಿ. ಅಕ್ಕ ಎಂದು ಯಾರೂ ಕರೆಯದ ಮನೆ ಒಂದು ಕಡೆ, ಕೊಳೆ ಬಟ್ಟೆಯ ಕೋಣೆ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ. ಯೋಚಿಸಿ ಯೋಚಿಸಿ ಅವಳು ಮಾಡಿದ ಉಪಾಯ, ಅವಳೊಬ್ಬಳಿಗೇ ಹೊಳೆಯಬಹುದಾಗಿದ್ದ ಉಪಾಯ. ಚಳಿಯನ್ನು ವಾಪಸ್ ತರಿಸಿಕೊಳ್ಳುವುದಕ್ಕಾಗಿ ಮಾತ್ರೆ ನಿಲ್ಲಿಸಿದಳು.

ಚಳಿ ಬಂತು. ಕರೆದರೆ ಬರಲು ಅದಕ್ಕೇನು ಕಷ್ಟ? ಎರಡು ತಿಂಗಳು ತುಂಬುವಷ್ಟರಲ್ಲಿ ಬೆವರು ನಿಂತಿತು, ಸ್ವೆಟರ್ ಮೈಮೇಲೆ ಬಂತು, ಸೂಪರ್‌ವೈಸರನ ಮುಖ ಅರಳಿತು. ಜೊತೆಗೆ ಕಾಲಿನ ಕಲ್ಲೂ ಬಂತು, ಮಂಕೂ ಬಂತು. ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಬಂದಾಗ ಸಕ್ಕರೆ ಮತ್ತೆ ಹೊಸ್ತಿಲ ಮೇಲೆ.

"ಮಾತ್ರೆ ಬಿಟ್ರಾ?" ಎಂದು ಕೇಳಿದರು ಡಾಕ್ಟರಮ್ಮ. ಯಾಕೆಂದು ಕೇಳಿ, ಉತ್ತರವನ್ನೂ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ನಿಮ್ಮ ತಾಯಿ ಕಣ್ಣು ಹೋಯ್ತು ಅಂದ್ರಲ್ಲ. ಈಗಿನ್ನೂ ಗಡಿ, ಹಿಂದಕ್ಕೆ ಬರೋಕೆ ದಾರಿ ಇದೆ. ದಾಟಿಬಿಟ್ರೆ ಆ ದಾರಿ ಸುಲಭ ಅಲ್ಲ. ನೀವೇ ಯೋಚ್ನೆ ಮಾಡಿ," ಎಂದು ಮುಂದಿನವರನ್ನು ಕರೆದರು. ಮನೆಯಲ್ಲಿ ಗಂಡ ರಿಪೋರ್ಟ್ ನೋಡಿ ಕಪಾಟಿನ ಬೀಗ ಅಲ್ಲಾಡಿಸಿ ಪರೀಕ್ಷಿಸಿದ. "ಇದಕ್ಕೂ ಕಳ್ಳಕೀಲಿ ಮಾಡಿಸಿದೀಯಾ?" ಎಂದ.

ಆ ವಾರವೇ ಕಡ್ಡಿ ಬಿದ್ದಳು. ಚಾದರದ ತುದಿ ಕೊಡುತ್ತಿದ್ದವಳು ಹಾಗೇ ಮಂಡಿಯೂರಿ ಕುಸಿದಳು, ವಾಂತಿ ಮಾಡಿಕೊಂಡಳು. ಅವಳ ಕೈ ಉರುಳೆಗೆ ಸಿಗದಿದ್ದುದೇ ಪುಣ್ಯ. ಅವಳನ್ನು ಬಾಗಿಲ ಹತ್ತಿರ ಗಾಳಿಗೆ ಕೂರಿಸಿದರು. ಸೂಪರ್‌ವೈಸರ್ ದೂರದಿಂದಲೇ, "ನಾಟಕ. ನಾಡಿದ್ದು ಇನ್ಸ್‌ಪೆಕ್ಟರ್ ಬರ್ತಾರಲ್ಲ, ಅದಕ್ಕೆ ರಿಹರ್ಸಲ್ಲು," ಎಂದ.

ಅಕ್ಕ ನೀರು ಕುಡಿಸುತ್ತಿದ್ದಳು. ಕಡ್ಡಿ ಆ ಮಾತಿಗೆ ತಲೆ ತಗ್ಗಿಸಿದಳು, ಅಷ್ಟೇ. ಆ ತಲೆ ತಗ್ಗಿಸುವುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಹೇಳಿದರೂ ನಂಬದವರ ಮುಂದೆ ಕೊನೆಗೆ ಉಳಿಯುವುದು ಅದೊಂದೇ. ಮರುದಿನ ಬೆಳಗ್ಗೆ ಎದ್ದ ಕೂಡಲೇ ಅವಳು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದಳು. ಅದು ಕೆಲಸ ಮಾಡಲು ವಾರಗಳು ಬೇಕೆಂದು ಗೊತ್ತಿತ್ತು. ನಾಳೆ ಇನ್ಸ್‌ಪೆಕ್ಟರ್ ಬಂದಾಗ ಅವಳಿಗೆ ಸೆಕೆಯಾಗುವುದಿಲ್ಲ. ಹೇಳಬೇಕಾದ್ದನ್ನು ಸೆಕೆಯಿಲ್ಲದೆಯೇ ಹೇಳಬೇಕು.

ಇನ್ಸ್‌ಪೆಕ್ಟರ್ ಬಂದ. ಸೂಪರ್‌ವೈಸರ್ ಎಂದಿನಂತೆ ಅಕ್ಕನ ಭುಜದ ಮೇಲೆ ಕೈಯಿಟ್ಟು ಮುಂದೆ ಮಾಡಿದ.

"ಇವರನ್ನೇ ಕೇಳಿ ಸಾರ್. ನಮ್ಮ ಲಾಂಡ್ರಿಗೆ ಹಿರಿಯರು."

"ಹೇಗಮ್ಮಾ, ಇಲ್ಲಿ ಸೆಕೆ ಜಾಸ್ತಿ ಅನ್ಸುತ್ತಾ?"

"ನನಗೆ ಅನ್ಸಲ್ಲ ಸಾರ್," ಎಂದಳು ಅಕ್ಕ. ಸೂಪರ್‌ವೈಸರ್ ನಕ್ಕು ಮುಂದಿನ ಯಂತ್ರದ ಕಡೆ ತಿರುಗಿದ. ಅಕ್ಕ ನಿಲ್ಲಿಸಲಿಲ್ಲ. "ಯಾಕಂದ್ರೆ ನನಗೆ ಕಾಯಿಲೆ ಇದೆ. ಥೈರಾಯ್ಡು. ಅದಕ್ಕೇ ಸೆಕೆ ಗೊತ್ತಾಗಲ್ಲ. ಹೋದ ವರ್ಷ ನಾನು ಆರಾಮಾಗಿದೆ ಅಂದಿದ್ದು ಕಾಯಿಲೆ ಮಾತು ಸಾರ್, ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಮಾತ್ರೆ ತಗೊಂಡು ಮೈ ಸರಿ ಇದ್ದಾಗ ನಾನೂ ಇಲ್ಲಿ ನಿಲ್ಲೋಕಾಗ್ಲಿಲ್ಲ. ಕೇಳೋದಾದ್ರೆ ಇವಳನ್ನ ಕೇಳಿ. ಮೊನ್ನೆ ಇಲ್ಲೇ ಬಿದ್ಲು."

ಇನ್ಸ್‌ಪೆಕ್ಟರ್ ಕರವಸ್ತ್ರ ಜೇಬಿಗೆ ತುರುಕಿ ಕಡ್ಡಿಯ ಕಡೆ ತಿರುಗಿದ. ಕಡ್ಡಿ ಮೊದಲು ತಡವರಿಸಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ಒದ್ದೆ ಚಾದರ ತಂದು ಕೊಡುವವರು, ಆ ಕಡೆ ಮಡಚುವವರು, ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಹಬೆ ಎಳೆಯುವ ಫ್ಯಾನ್ ಹಾಕಿಸಬೇಕು, ಗಂಟೆಗೊಮ್ಮೆ ಜನ ಬದಲಾಯಿಸಬೇಕು ಎಂದು ಇನ್ಸ್‌ಪೆಕ್ಟರ್ ಆರ್ಡರ್ ಮಾಡಿ ಹೋದ. ಅವನ ಗಾಡಿ ಗೇಟು ದಾಟುವುದನ್ನೇ ಕಾಯುತ್ತಿದ್ದ ಸೂಪರ್‌ವೈಸರ್ ಅಕ್ಕನ ಕಡೆ ತಿರುಗಿ, "ಕಾಯಿಲೆ ಇರೋರು ರೋಲರ್ ಹತ್ರ ಇರೋದು ಬೇಡಮ್ಮ. ನಾಳೆಯಿಂದ ಕೊಳೆ ಬಟ್ಟೆ ಕೋಣೆ," ಎಂದ. ಈ ಸಲ ಅವನು ಅಕ್ಕ ಎಂದು ಕರೆಯಲಿಲ್ಲ. ಅವಳು ಸರಿ ಸಾರ್ ಎಂದಳು. ದುಃಖವಾಯಿತು. ಆದರೆ ಆ ದುಃಖಕ್ಕೂ ಸುಸ್ತಾಗಿತ್ತು.

ಸಂಜೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಇಬ್ಬರೇ ಉಳಿದರು. ಕಡ್ಡಿ ಧನ್ಯವಾದ ಹೇಳುತ್ತಾಳೆಂದು ಅಕ್ಕ ಅಂದುಕೊಂಡಿದ್ದಳೋ ಏನೋ. ಕಡ್ಡಿಯ ಮುಖ ಗಂಟಿಕ್ಕಿತ್ತು.

"ಇಷ್ಟು ವರ್ಷ ಹೇಳ್ತಾ ಬಂದೆನಲ್ಲ ಅಕ್ಕ. ಪಕ್ಕದಲ್ಲೇ ನಿಂತಿದ್ರಿ. ನನ್ನ ಬೆವರು ನಿಮ್ಮ ಕೈ ಮೇಲೆ ಬೀಳ್ತಿತ್ತು. ಒಂದ್ಸಲಾನೂ ನಿಜ ಇರ್ಬಹುದು ಅನ್ಸಲಿಲ್ವಾ ನಿಮಗೆ?"

ಅಕ್ಕನ ಬಾಯಿಗೆ ಸಮಜಾಯಿಷಿಗಳು ಸಾಲಾಗಿ ಬಂದವು. ಗ್ರಂಥಿ, ಮಂಕು, ಡಾಕ್ಟರಮ್ಮ ಹೇಳಿದ ಉರಿಯ ಲೆಕ್ಕ. ಎಲ್ಲವೂ ನಿಜವೇ. ಆದರೆ ಗಂಡನೂ ಹೀಗೇ ಹೇಳಬಹುದು, ನನಗೇನು ಗೊತ್ತಿತ್ತು ಎಂದು, ಅದೂ ನಿಜವೇ. ಅವಳು ಬೆಂಚಿನ ಮೇಲೆ ಕಡ್ಡಿಯ ಪಕ್ಕ ಕೂತಳು.

"ನೀನು ಹೇಳಿದ್ದು ನಿಜವಾಗಿತ್ತು ಕಣೇ," ಎಂದಳು. "ನಾನು ನಂಬಲಿಲ್ಲ. ತಪ್ಪು ನಂದು."

ಕಡ್ಡಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಅಳುವೇ ಎಂದು ಅಕ್ಕ ಕೇಳಲಿಲ್ಲ. ಮನೆಯಲ್ಲಿ ಯಾರಾದರೂ ಒಂದು ಸಲ ಈ ಮಾತು ಹೇಳಿದ್ದರೆ ಅವಳೂ ಹೀಗೇ ಅಳುತ್ತಿದ್ದಳು.